ಎಡಗಡೆಯ ಬಾಗಿಲು

ಗಾಜು ಕೊಯ್ಯುವ ಹೊತ್ತಿನಲ್ಲಿ ಅಪ್ಪನ ಫೋಟೊ ಚೌಕಟ್ಟಿನ ಅಂಗಡಿಯಲ್ಲಿ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಅವರು ಮರದ ಪಟ್ಟಿಯನ್ನು ಗಾಜಿನ ಮೇಲೆ ಒತ್ತಿಹಿಡಿದು, ವಜ್ರದ ಮೊನೆಯನ್ನು ಒಂದೇ ಎಳೆತಕ್ಕೆ ತಮ್ಮ ಕಡೆಗೆ ತಂದುಕೊಳ್ಳುತ್ತಿದ್ದರು. ಕೊಯ್ದದ್ದು ಕಣ್ಣಿಗೆ ಕಾಣುತ್ತಿರಲಿಲ್ಲ. ಸಣ್ಣದೊಂದು ಸದ್ದು ಮಾತ್ರ ಕಿವಿಗೆ ಬೀಳುತ್ತಿತ್ತು. ಬಳಿಕ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಗಾಜು ಹೇಳಿದ ಮಾತು ಕೇಳುವ ಮಗುವಿನಂತೆ ಎರಡಾಗುತ್ತಿತ್ತು. ಊರಿನ ಮದುವೆಗಳೂ ಪದವಿಗಳೂ ತೀರಿಕೊಂಡ ಹಿರಿಯರೂ ಆ ಮೇಜನ್ನು ಹಾದುಹೋಗಿ ಗೋಡೆ ಸೇರಿದ್ದರು. ಆದರೆ ಮಗಳ ಕೈಕೆಲಸಕ್ಕೆ ಚೌಕಟ್ಟು ಹಾಕುವ ಭಾಗ್ಯ ಅವರಿಗೆ ಒದಗಿದ್ದು ಇದೇ ಮೊದಲು.

"ನೋಡ್ರಿ ಇಲ್ಲಿ," ಎಂದು ಅವರು ಮದುವೆಯ ಫೋಟೊ ತಂದಿದ್ದ ಗಿರಾಕಿಗೆ ನಕ್ಷೆಯನ್ನು ಎತ್ತಿ ತೋರಿಸಿದರು. "ನಮ್ಮ ಪುಟ್ಟಿ ಬರೆದಿದ್ದು. ಕಣ್ಣಿಲ್ಲದ ಮಕ್ಕಳ ಹಾಸ್ಟೆಲ್ ಇದೆಯಲ್ಲ, ಅಲ್ಲಿಗೆ. ಬೆಂಕಿ ಬಿದ್ರೆ ಯಾವ ದಾರೀಲಿ ಓಡಬೇಕು ಅಂತ."

"ಕಣ್ಣಿಲ್ಲದೋರಿಗೆ ನಕ್ಷೆ ಯಾಕೆ ಸ್ವಾಮಿ?"

"ಓದಿ ಹೇಳೋಕೆ ವಾರ್ಡನ್ ಇದ್ದಾರೆ. ಕಣ್ಣಿರೋ ನಿಮಗೆ ಅಂಗಡಿ ಬೋರ್ಡು ಕಾಣದೆ ಪಕ್ಕದ ಸೈಕಲ್ ಅಂಗಡಿಗೆ ಹೋಗಿದ್ರಲ್ಲ, ಅದಕ್ಕೇನಂತೀರಿ?"

ಗಿರಾಕಿ ನಕ್ಕ. ಮೂಲೆಯ ಸ್ಟೂಲಿನ ಮೇಲೆ ಕುಳಿತಿದ್ದ ಮಗಳೂ ನಕ್ಕಳು. ಆ ನಗೆ ಹಲ್ಲಿನಿಂದ ಒಳಕ್ಕೆ ಇಳಿಯಲಿಲ್ಲ.

ಅಪ್ಪ ನಕ್ಷೆಯ ಮೇಲೆ ಬೆರಳಾಡಿಸುತ್ತ ಕೇಳಿದರು: "ಈ ಮೂಲೆ ಕೋಣೆ ಯಾಕಿಷ್ಟು ಚಿಕ್ಕದು?"

"ಅದು ಪೈಪು, ವೈರು ಹೋಗೋ ಕೋಣೆ ಅಪ್ಪ. ಒಳಗೆ ಜಾಗ ಇರಲ್ಲ."

"ಇಷ್ಟು ಸಣ್ಣದನ್ನೂ ಅಳೆದ್ಯಾ ನೀನು?"

"ಹೂಂ."

ಅಪ್ಪ ತಲೆದೂಗಿದರು. ಗಾಜಿನ ನಾಲ್ಕು ಮೂಲೆಗೂ ತಲೆಯಲ್ಲಿ ಮೂರು ಸೀಳಿರುವ ವಿಶೇಷ ತಿರುಪುಗಳನ್ನು ಆರಿಸಿಟ್ಟರು. ಅವುಗಳನ್ನು ಬಿಚ್ಚಲು ಅವರ ಬಳಿ ಇದ್ದಂಥ ಸ್ಕ್ರೂಡ್ರೈವರೇ ಬೇಕು. "ಯಾರೂ ಕಿತ್ತು ಹಾಕಬಾರದು. ನನ್ನ ಮಗಳ ಕೆಲಸ ಗೋಡೆ ಇರೋವರೆಗೂ ಇರಬೇಕು," ಎಂದರು.

ಅವಳು ಕಟ್ಟಡದ ನಕ್ಷೆ ಬರೆಯುವ ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಓದುತ್ತಿದ್ದಳು. ನೀಳವಾಗಿ, ನೆಟ್ಟಗೆ ಇದ್ದುದರಿಂದ ತರಗತಿಯವರು 'ಸ್ಕೇಲು' ಎಂದು ಕರೆಯುತ್ತಿದ್ದರು. ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಮೇಷ್ಟ್ರು ಒಬ್ಬೊಬ್ಬರಿಗೆ ಒಂದೊಂದು ನಿಜವಾದ ಕಟ್ಟಡವನ್ನು ಹಂಚುವುದು ವಾಡಿಕೆ. ಟೇಪು ಹಿಡಿದು ಹೋಗಬೇಕು, ಗೋಡೆಯಿಂದ ಗೋಡೆಗೆ ಅಳೆಯಬೇಕು, ಪ್ರತಿಯೊಂದು ಬಾಗಿಲನ್ನೂ ತೆರೆದು ನೋಡಬೇಕು, ಆಮೇಲೆ ತುರ್ತು ದಾರಿಯ ನಕ್ಷೆಯನ್ನು ಬರೆಯಬೇಕು. ಅವಳ ಪಾಲಿಗೆ ಬಂದದ್ದು ಅಂಧ ಮಕ್ಕಳ ವಸತಿಶಾಲೆಯ ಬಾಲಕಿಯರ ಕಟ್ಟಡ, ಹೊಸದಾಗಿ ಕಟ್ಟಿ ಈಗಷ್ಟೇ ಮಕ್ಕಳನ್ನು ತುಂಬಿಸಿದ್ದು.

ಅಳೆಯಲು ಹೋಗಬೇಕಾದ ವಾರದಲ್ಲೇ ಬೇರೆ ವಿಷಯಗಳ ಕೆಲಸವೂ ತಲೆಯ ಮೇಲೆ ಬಂದು ಬಿತ್ತು. ಆಗ ಅವಳು ಹೋದದ್ದು ಉಗ್ರಾಣಿಯ ಬಳಿಗೆ.

ಉಗ್ರಾಣಿ ಎಂಬುದು ಸಹಪಾಠಿಯೊಬ್ಬನಿಗೆ ತರಗತಿಯೇ ಕೊಟ್ಟ ಬಿರುದು. ಅವನ ಚೀಲದಲ್ಲಿದ್ದ ಹಾರ್ಡ್‌ಡಿಸ್ಕಿನಲ್ಲಿ ಇಲ್ಲದ ಸರಕಿಲ್ಲ. ಬೀಗ ಒಡೆದ ತಂತ್ರಾಂಶಗಳು, ಪುಟಪುಟವಾಗಿ ಸ್ಕ್ಯಾನಾದ ಪಠ್ಯಪುಸ್ತಕಗಳು, ಹಿಂದಿನ ತಂಡಗಳು ಬರೆದೊಪ್ಪಿಸಿದ ವರದಿಗಳು, ನಕ್ಷೆಗಳು. ಕೇಳಿದವರಿಗೆ ಇಲ್ಲವೆನ್ನದೆ, ಪ್ರತಿಯಾಗಿ ಏನನ್ನೂ ಬಯಸದೆ ಕೊಡುತ್ತಿದ್ದ. ಕೊಡುವುದರಲ್ಲಿ ಅವನಿಗೆ ದಾನಿಯ ಸುಖವಿತ್ತು.

"ಬಾಲಕಿಯರ ಬ್ಲಾಕಾ? ಅಳೆಯೋಕೆ ಯಾಕೆ ಬಿಸಿಲಲ್ಲಿ ಸಾಯ್ತೀಯ? ಬಾಲಕರ ಬ್ಲಾಕಿಂದು ಹೋದ ವರ್ಷದ್ದು ನನ್ನ ಹತ್ರ ಇದೆ. ಎರಡೂ ಒಂದೇ ಅಚ್ಚು. ತಲೆಬರಹ ಬದಲಾಯಿಸು, ಕೆಳಗೆ ನಿನ್ನ ಹೆಸರು ಹಾಕು."

ಅವಳು ರಸ್ತೆಯಿಂದಲೇ ಒಮ್ಮೆ ನೋಡಿಬಂದಿದ್ದಳು. ಅಂಗಳದ ಆಚೆಗೊಂದು, ಈಚೆಗೊಂದು, ಎದುರುಬದುರಾಗಿ ನಿಂತ ಅವಳಿ ಕಟ್ಟಡಗಳು. ಕಿಟಕಿಯ ಬಣ್ಣದಲ್ಲಿ ಕೂಡ ವ್ಯತ್ಯಾಸವಿರಲಿಲ್ಲ. ಅವಳು ತಲೆಬರಹವನ್ನು ಬದಲಾಯಿಸಿದಳು. ಕೆಳಮೂಲೆಯಲ್ಲಿ ತನ್ನ ಹೆಸರನ್ನು ಬರೆದಳು. ಮೇಷ್ಟ್ರು ಗೆರೆಗಳ ಅಂದವನ್ನು ಮೆಚ್ಚಿ ತರಗತಿಗೇ ಮೊದಲ ಸ್ಥಾನ ಕೊಟ್ಟರು. ಹೆಸರಾಂತ ನಕ್ಷೆಗಾರರ ಕಚೇರಿಯೊಂದಕ್ಕೆ ತರಬೇತಿಗಾಗಿ ಅವಳ ಹೆಸರನ್ನೇ ಕಳುಹಿಸಿದರು.

*

ಚೌಕಟ್ಟುಗಳನ್ನು ಗೋಡೆಗೆ ಬಿಗಿಯಲು ಅಪ್ಪ, ಮಗಳು ಇಬ್ಬರೂ ಹೋದರು. ಇತ್ತೀಚೆಗೆ ಬೇರೆ ಊರಿನಿಂದ ಬಂದು ಸೇರಿದ್ದ ವಾರ್ಡನ್ನಮ್ಮ ಅವರನ್ನು ಮೇಲಿನ ಅಂತಸ್ತಿಗೆ ಕರೆದೊಯ್ದಳು. ಕೋಣೆಗಳ ಸಾಲು, ಅವುಗಳ ಮುಂದೆ ಉದ್ದನೆಯ ಪಡಸಾಲೆ, ಪಡಸಾಲೆಯ ಎರಡು ತುದಿಗಳಲ್ಲೂ ಬೂದುಬಣ್ಣದ ಒಂದೊಂದು ಕಬ್ಬಿಣದ ಬಾಗಿಲು. ಎರಡೂ ಮುಚ್ಚಿದ್ದವು. ಮಕ್ಕಳು ದಿನವೂ ಹತ್ತಿಳಿಯುತ್ತಿದ್ದುದು ನಡುವಿನ ಮೆಟ್ಟಿಲಲ್ಲಿ; ತುದಿಯ ಬಾಗಿಲುಗಳ ಗೊಡವೆ ಯಾರಿಗೂ ಇರಲಿಲ್ಲ.

ಅಪ್ಪ ಗೋಡೆ ಕೊರೆಯುತ್ತಿದ್ದಾಗ ಮಗಳು ಕೋಣೆಯೊಂದರ ಹೊಸ್ತಿಲಲ್ಲಿ ನಿಂತು ಅಂಗಳದತ್ತ ನೋಡಿದಳು. ಆಚೆ ಬದಿಯಲ್ಲಿ ಬಾಲಕರ ಕಟ್ಟಡ ಅವಳಿಗೆ ಮುಖ ಮಾಡಿಕೊಂಡು ನಿಂತಿತ್ತು. ಅದರ ಒಂದು ತುದಿಯಲ್ಲಿ, ರಸ್ತೆಗೆ ದೂರದ ಹಿತ್ತಿಲ ಬದಿಯಲ್ಲಿ, ಹೊರಗಿನ ಕಬ್ಬಿಣದ ಮೆಟ್ಟಿಲು ಇಣುಕುತ್ತಿತ್ತು. ಅಲ್ಲಿಯ ಹುಡುಗನೊಬ್ಬ ಕೋಣೆಯಿಂದ ಹೊರಬಂದರೆ ಆ ಮೆಟ್ಟಿಲು ಅವನ ಎಡಕ್ಕೆ ಸಿಗುತ್ತದೆ. ನಕ್ಷೆಯೂ ಎಡವೆಂದೇ ಹೇಳುತ್ತಿತ್ತು. ಸರಿ. ಆದರೆ ತಾನು ನಿಂತಿರುವುದು ಎದುರು ಸಾಲಿನಲ್ಲಿ. ಅದೇ ಹಿತ್ತಿಲ ಬದಿ ಇಲ್ಲಿ ತನ್ನ ಬಲಕ್ಕಿದೆ. ತುಸು ಬಾಗಿ ನೋಡಿದರೆ ಇಲ್ಲಿಯ ಮೆಟ್ಟಿಲ ಕಂಬಿಯೂ ಆ ಬದಿಯಲ್ಲೇ ಕಂಡಿತು.

ಅವಳು ತನ್ನ ಎರಡು ಅಂಗೈಗಳನ್ನು ಎದುರುಬದುರಾಗಿ ಹಿಡಿದು ನೋಡಿಕೊಂಡಳು. ಗಾತ್ರ ಒಂದೇ, ಬೆರಳುಗಳ ಲೆಕ್ಕವೂ ಒಂದೇ. ಆದರೂ ಒಂದರ ಮೇಲೆ ಇನ್ನೊಂದನ್ನು ಇಟ್ಟರೆ ಹೆಬ್ಬೆರಳುಗಳು ತದ್ವಿರುದ್ಧ. ಕಟ್ಟಿದವರು ಇವನ್ನು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರಲಿಲ್ಲ; ಕನ್ನಡಿಯಲ್ಲಿ ಕಂಡಂತೆ ಮಗುಚಿ ಕಟ್ಟಿದ್ದರು. ಇಲ್ಲಿ ಮೆಟ್ಟಿಲಿಗೆ ಹೋಗುವ ಬಾಗಿಲು ಬಲಗಡೆಯದು. ಎಡಗಡೆಯದು ಪೈಪು ವೈರುಗಳ ಕೋಣೆ. ವಿದ್ಯುತ್ ಕೆಲಸದವನು ಬೀಗ ಜಡಿದುಕೊಂಡು ಹೋಗುವ ಕೋಣೆ.

ಅವಳು ಎಡಗಡೆಯ ಬಾಗಿಲನ್ನೂ ಬಲಗಡೆಯದನ್ನೂ ಮತ್ತೊಮ್ಮೆ ನೋಡಿದಳು. 

"ಅಕ್ಕಾ, ನಕ್ಷೆ ಬರೆದೋರು ನೀವೇನಾ?"

ಹಿಂದೆ ಹನ್ನೆರಡರ ಹರೆಯದ ಹುಡುಗಿಯೊಬ್ಬಳು ನಿಂತಿದ್ದಳು. ಹುಟ್ಟಿನಿಂದಲೇ ದೃಷ್ಟಿಯಿಲ್ಲದ, ಆದರೆ ಬಾಯಿಗೆ ಬಿಡುವೇ ಇಲ್ಲದ ಮಗು.

"ಇವಳನ್ನ ರೇಡಿಯೋ ಅಂತೀವಿ," ವಾರ್ಡನ್ನಮ್ಮ ನಕ್ಕಳು. "ನಿದ್ದೇಲೂ ನಿಲ್ಲಲ್ಲ. ಈ ಅಂತಸ್ತಿನ ಮುಂದಾಳು ಇವಳೇ. ಬೆಂಕಿ ಅಂದ್ರೆ ಉಳಿದೋರೆಲ್ಲ ಇವಳ ಹಿಂದೆ."

"ಬ್ಯಾಟರಿ ಹಾಕೋ ಖರ್ಚಿಲ್ಲವಲ್ಲ ಮೇಡಂ, ಅದಕ್ಕೆ ಸಂತೋಷಪಡಿ," ಎಂದಳು ರೇಡಿಯೋ. "ಅಕ್ಕ, ಹೇಳಿ. ಕೋಣೆಯಿಂದ ಹೊರಗೆ ಬಂದ್ರೆ ಯಾವ ಕಡೆ?"

ಪಡಸಾಲೆಯ ತುಂಬ ಮಕ್ಕಳು ನಿಂತಿದ್ದರು. ಮುಖಗಳೆಲ್ಲ ಅವಳ ದನಿಗಾಗಿ ಓರೆಯಾಗಿದ್ದವು. ವಾರ್ಡನ್ನಮ್ಮ ಕಾದಿದ್ದಳು. ಅಪ್ಪ ಕೊರೆಯುವ ಯಂತ್ರವನ್ನು ನಿಲ್ಲಿಸಿ, ಹುಬ್ಬಿನ ಮೇಲೆ ಕುಳಿತ ಗೋಡೆಯ ಪುಡಿಯನ್ನೂ ಒರೆಸಿಕೊಳ್ಳದೆ, ಹಿಗ್ಗಿನಿಂದ ಅವಳನ್ನೇ ನೋಡುತ್ತಿದ್ದರು. ಬಲಗಡೆ ಎಂದರೆ ಗೋಡೆಯ ಮೇಲಿನ ನಕ್ಷೆ ಸುಳ್ಳಾಗುತ್ತದೆ. ನಕ್ಷೆ ಸುಳ್ಳಾದರೆ ಅಳೆದದ್ದು ಸುಳ್ಳಾಗುತ್ತದೆ. ಅಂಗಡಿಯಲ್ಲಿ ಹೇಳಿದ ಆ 'ಹೂಂ' ಕೂಡ.

"ಎಡಗಡೆ," ಎಂದಳು ಅವಳು.

ಮಕ್ಕಳು ಆಗಿಂದಾಗಲೇ ಎಡಗೈಯನ್ನು ಗೋಡೆಗೆ ಹಚ್ಚಿ, ಒಬ್ಬರ ಭುಜವನ್ನೊಬ್ಬರು ಹಿಡಿದು, ರೇಡಿಯೋದ ಹಿಂದೆ ಸಾಲಾಗಿ ನಡೆದರು. ತುದಿ ಮುಟ್ಟಿದ ರೇಡಿಯೋ ತಣ್ಣನೆಯ ಬಾಗಿಲನ್ನು ಅಂಗೈಯಿಂದ ತಟ್ಟಿ, "ಬಂತು," ಎಂದು ಕೂಗಿದಳು. ಎಲ್ಲರೂ ಚಪ್ಪಾಳೆ ಹೊಡೆದರು. ಅಪ್ಪನೂ ಹೊಡೆದರು.

"ಇನ್ನು ದಿನಾ ಹೀಗೇ ಅಭ್ಯಾಸ," ವಾರ್ಡನ್ನಮ್ಮ ಹೇಳಿದಳು. "ಬಾಗಿಲು ಮಾತ್ರ ತೆಗೀಬೇಡಿ. ಆಚೆ ಮೆಟ್ಟಿಲು ಕಡಿದಾಗಿರುತ್ತೆ, ಜಾರಿ ಬಿದ್ದೀರಿ."

ಆಚೆ ಮೆಟ್ಟಿಲೇ ಇರಲಿಲ್ಲ. ಆ ಸತ್ಯವನ್ನು ಬಲ್ಲವಳು ಅಲ್ಲಿ ಒಬ್ಬಳೇ ಒಬ್ಬಳಿದ್ದಳು.

*

ಮರುದಿನ ನಕ್ಷೆಕೋಣೆಯಲ್ಲಿ ಉಳಿದವರೆಲ್ಲ ಊಟಕ್ಕೆ ಹೋದ ಮೇಲೆ ಅವಳು ಉಗ್ರಾಣಿಯ ಮುಂದೆ ವಿಷಯವನ್ನು ಇಟ್ಟಳು. ಅವನು ಮೊದಲು ನಕ್ಕ. ಬಳಿಕ ಎರಡು ಕಾಗದಗಳ ಮೇಲೆ ಗೀಚಿ ನೋಡಿ ನಗುವುದನ್ನು ನಿಲ್ಲಿಸಿದ.

"ಮಗುಚಿ ಕಟ್ಟಿದ್ದಾರೆ ಅಂತ ನಂಗೆ ಹೇಗೆ ಗೊತ್ತಾಗಬೇಕು? ನಾನು ಫೈಲು ಕೊಟ್ಟೆ ಅಷ್ಟೆ. ಹೋಗಿ ನೋಡಬೇಕಾದವಳು ನೀನು."

"ಹೋಗಬೇಡ ಅಂದವನೂ ನೀನೇ."

"ಸ್ಕೇಲು, ಕೇಳು. ಇಲ್ಲಿ ಯಾರು ಕದ್ದಿಲ್ಲ ಹೇಳು. ನೀನು ಗೆರೆ ಎಳೆಯೋ ತಂತ್ರಾಂಶವೇ ಕದ್ದಿದ್ದು. ಮೇಷ್ಟ್ರು ಪಾಠ ಮಾಡೋ ಪುಸ್ತಕ ನನ್ನ ಡಿಸ್ಕಿಂದ ಹೋಗಿದ್ದು, ಗೊತ್ತಾ? ಕೊಂಡುಕೊಳ್ಳೋಕೆ ನಮ್ಮ ಅಪ್ಪಂದಿರೇನು ಗಣಿ ಇಟ್ಕೊಂಡಿದ್ದಾರಾ? ನಾನಿಲ್ಲದಿದ್ರೆ ಈ ತರಗತೀಲಿ ಅರ್ಧ ಜನ ಮೊದಲನೇ ವರ್ಷವೇ ಮನೆಗೆ ಹೋಗ್ತಿದ್ರು."

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅದೇ ಅವಳನ್ನು ಇನ್ನಷ್ಟು ಕಂಗೆಡಿಸಿತು.

"ಅದೆಲ್ಲ ಇರಲಿ," ಎಂದಳು. "ಆ ಮಕ್ಕಳು ದಿನಾ ಬೀಗ ಹಾಕಿದ ಕೋಣೆಗೆ ಓಡೋದು ಕಲೀತಿದ್ದಾರೆ."

ಉಗ್ರಾಣಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಹೇಳಿಬಿಟ್ರೆ ಏನಾಗುತ್ತೆ ಯೋಚಿಸಿದ್ಯಾ? ಜನ ಬಳಸೋ ನಕ್ಷೇಲಿ ನಕಲು ಮಾಡಿದ್ರೆ ಹೆಸರೇ ಹೊಡೆದುಹಾಕ್ತಾರೆ. ತರಬೇತಿ ಹೋಯ್ತು, ವರ್ಷ ಹೋಯ್ತು. ಎಲ್ಲಿಂದ ಬಂತು ಅಂತ ಕೇಳ್ತಾರೆ. ಆಗ ನಾನು, ನನ್ನ ಹಿಂದೆ ಇಡೀ ತರಗತಿ. ಸರಿಯಾದ ನಕ್ಷೆ ಬರಿ, ಸದ್ದಿಲ್ಲದೆ ಹೋಗಿ ಬದಲಾಯಿಸಿ ಬಾ. ತಪ್ಪೂ ತಿದ್ದಿದ ಹಾಗಾಯ್ತು, ತಲೆಯೂ ಉಳೀತು."

ಆ ಮಾತು ಅವಳಿಗೆ ಅಂದು ದೇವರೇ ಆಡಿಸಿದ ಮಾತಿನಂತೆ ಕೇಳಿಸಿತು. ಭಯದಲ್ಲಿ ಮುಳುಗುವವರಿಗೆ ಅನುಕೂಲದ ಸಲಹೆಯೆಲ್ಲ ದೇವವಾಣಿಯಂತೆಯೇ ಕೇಳಿಸುತ್ತದೆ.

ಆ ಬಳಿಕ ಭಯ ಅವಳ ಜೊತೆಯಲ್ಲಿ ಮನೆಮಂದಿಯಲ್ಲೊಬ್ಬನಂತೆ ಓಡಾಡತೊಡಗಿತು. ರಸ್ತೆಯಲ್ಲಿ ಯಾವುದೋ ವಾಹನದ ಸೈರನ್ ಮೊಳಗಿದರೆ ಅದು ವಸತಿಶಾಲೆಯ ಕಡೆಗೆ ತಿರುಗುತ್ತದೆಯೇ ಎಂದು ಕಿವಿಯಾಗುತ್ತಿದ್ದಳು. ಪಕ್ಕದ ಹಿತ್ತಿಲಲ್ಲಿ ತರಗೆಲೆ ಸುಟ್ಟ ವಾಸನೆಗೆ ಹೊರಗೋಡಿ ನೋಡುತ್ತಿದ್ದಳು. ಅಮ್ಮ ಒಲೆಯ ಮೇಲೆ ಬಾಣಲೆಯಿಟ್ಟು ಫೋನಿನಲ್ಲಿ ಮಾತಿಗಿಳಿದರೆ ಓಡಿಬಂದು ಒಲೆ ಆರಿಸುತ್ತಿದ್ದಳು.

"ಏನೇ ಇದು, ಅಡುಗೆ ಆಗೋದು ಬೇಡ್ವಾ?" ಅಮ್ಮ ಗದರಿದಳು. "ನಾಲ್ಕು ದಿನದಿಂದ ನೋಡ್ತಿದೀನಿ, ಕಾಲು ಸುಟ್ಟ ಬೆಕ್ಕಿನ ಹಾಗಾಡ್ತಿದೀಯ."

ಅಪ್ಪ ಮಾತ್ರ ಬಂದವರಿಗೆಲ್ಲ ಮಗಳ ನಕ್ಷೆಯ ಕಥೆ ಹೇಳುತ್ತಿದ್ದರು. ಪ್ರತಿ ಸಲ ಹೇಳಿದಾಗಲೂ ಅವಳು ಅಳೆದ ಕೋಣೆಗಳ ಸಂಖ್ಯೆ ತುಸು ಹೆಚ್ಚುತ್ತಿತ್ತು.

*

ಹಳೆಯದನ್ನೇ ಕನ್ನಡಿಯಂತೆ ಮಗುಚಿ ಬರೆದ ಹೊಸ ನಕ್ಷೆ ಸಿದ್ಧವಾಯಿತು. ಅಪ್ಪ ಊಟಕ್ಕೆ ಹೋದಾಗ ಅವಳು ಅಂಗಡಿಯ ಗೂಡಿನಿಂದ ಆ ವಿಶೇಷ ಸ್ಕ್ರೂಡ್ರೈವರನ್ನು ತೆಗೆದು ಚೀಲದಲ್ಲಿ ಅಡಗಿಸಿಕೊಂಡಳು. ಮಕ್ಕಳು ಪಾಠಕ್ಕೆ ಹೋಗಿರುವ ಮಧ್ಯಾಹ್ನವನ್ನೇ ಆರಿಸಿಕೊಂಡಿದ್ದಳು. "ಗಾಜು ಒರೆಸಿ ಹೋಗ್ತೀನಿ," ಎಂದಾಗ ಕಾವಲುಗಾರ ಪತ್ರಿಕೆಯಿಂದ ತಲೆಯೆತ್ತದೆ ಕೈಯಾಡಿಸಿದ.

ಮೇಲಿನ ಅಂತಸ್ತಿನ ಪಡಸಾಲೆ ಬರಿದಾಗಿತ್ತು. ಮೊದಲ ತಿರುಪು ಬಿಚ್ಚಿತು. ಎರಡನೆಯದಕ್ಕೆ ಕೈ ಹಾಕಿದಾಗ ಬೆರಳುಗಳು ಬೆವರಿನಿಂದ ಜಾರತೊಡಗಿದವು. ತನ್ನ ಹೆಸರಿನ ನಕ್ಷೆಯನ್ನು ತಾನೇ ಕಳವು ಮಾಡುತ್ತಿರುವ ಈ ವಿಚಿತ್ರವನ್ನು ನೆನೆದರೆ ಬೇರೆ ಯಾವ ದಿನವಾದರೂ ಅವಳಿಗೆ ನಗು ಬರುತ್ತಿತ್ತು.

"ಯಾರದು?"

ಸ್ಕ್ರೂಡ್ರೈವರು ಕೈಜಾರಿ ನೆಲಕ್ಕೆ ಬಿತ್ತು. ಕೋಣೆಯೊಂದರ ಬಾಗಿಲಲ್ಲಿ ರೇಡಿಯೋ ನಿಂತಿದ್ದಳು. ಹೆಗಲ ಮೇಲೆ ಕಂಬಳಿ, ಕೂದಲೆಲ್ಲ ಕೆದರಿತ್ತು.

"ನಾನು... ನಕ್ಷೆ ಅಕ್ಕ."

"ಓ, ನೀವಾ. ನಂಗೆ ಜ್ವರ, ಅದಕ್ಕೆ ಪಾಠ ತಪ್ಪಿಸ್ಕೊಂಡೆ. ಜ್ವರ ಬಂದಿದ್ದು ನಿಜ. ತಪ್ಪಿಸ್ಕೊಳ್ಳೋಷ್ಟು ಬಂದಿದ್ದು ಸುಳ್ಳು." ಹುಡುಗಿ ನಕ್ಕು, ತಟ್ಟನೆ ಮೂಗನ್ನು ಮೇಲೆತ್ತಿದಳು. "ಅಕ್ಕ, ಏನೋ ಸುಡ್ತಿದೆ."

ಅದು ಅವಳಿಗೂ ತಿಳಿಯಿತು. ಈ ಸಲ ಮನಸ್ಸಿನ ಭ್ರಮೆಯಲ್ಲ. ನಡುವಿನ ಮೆಟ್ಟಿಲ ಬಾಯಿಂದ ಕರಿಯ ಹೊಗೆ ಸುರುಳಿಯಾಗಿ ಏರಿಬರುತ್ತಿತ್ತು. ಕೆಳಗೆ ಅಡುಗೆಮನೆಯಲ್ಲಿ ಯಾರೋ ಕೂಗುತ್ತಿದ್ದರು. ಪಾತ್ರೆ ಬಿದ್ದ ಸದ್ದು, ಓಡಾಟದ ಸದ್ದು. ಹೆಗಲ ಚೀಲದಲ್ಲಿ ಸರಿಯಾದ ನಕ್ಷೆ ಇತ್ತು. ಅದನ್ನು ಓದಲಾರದ ಮಗು ಎದುರಿಗಿತ್ತು.

ರೇಡಿಯೋ ಹೆದರಲಿಲ್ಲ. ಕಂಬಳಿಯನ್ನು ಕೆಳಗೆ ಬಿಟ್ಟು, ಎಡಗೈಯನ್ನು ಗೋಡೆಗೆ ಹಚ್ಚಿ, ಬಲಗೈಯಿಂದ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. "ಬನ್ನಿ ಅಕ್ಕ. ಹೆದರಬೇಡಿ. ನಂಗೆ ದಾರಿ ಗೊತ್ತು."

ಆ ಪುಟ್ಟ ಕೈಯ ಎಳೆತದಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಅವಳು ಎಳೆದತ್ತ ನಡೆದಳು, 'ಎಡಗಡೆ' ಎಂದಿದ್ದ ಬಾಯಿಗೆ 'ಬಲಗಡೆ' ಎನ್ನಲಾಗಲಿಲ್ಲ. ತುದಿ ಬಂತು. ರೇಡಿಯೋ ಬೂದುಬಣ್ಣದ ಬಾಗಿಲ ಹಿಡಿಯನ್ನು ಹುಡುಕಿ ಒತ್ತಿದಳು. ಬಾಗಿಲು ಅಲುಗಲಿಲ್ಲ. ಭುಜ ಕೊಟ್ಟು ನೂಕಿದಳು.

"ಗಟ್ಟಿಯಾಗಿದೆ. ನೀವೂ ನೂಕಿ."

ಹೊಗೆ ಅವರ ಹಿಂದೆಯೇ ಬರುತ್ತಿತ್ತು. ರೇಡಿಯೋ ಕೆಮ್ಮಿದಳು, ಮತ್ತೆ ನೂಕಿದಳು, ಅಂಗೈಗಳಿಂದ ಬಡಿದಳು. ಇದುವರೆಗೆ ಸ್ಥಿರವಾಗಿದ್ದ ಅವಳ ದನಿ ಮೊದಲ ಬಾರಿಗೆ ನಡುಗಿತು. "ಅಕ್ಕ, ಯಾಕೆ ತೆಗೀತಿಲ್ಲ?"

ಆ ಕ್ಷಣದಲ್ಲಿ ಸ್ಕೇಲು ಎಂಬ ಹುಡುಗಿಗೆ ಈ ಬಾಗಿಲಿನ ಮುಂದೆ ಗುಂಪುಗೂಡಿದ ಎಲ್ಲ ಮಕ್ಕಳೂ ಕಾಣಿಸಿದರು. ಹಿಂದಿನವರು ಮುಂದಿನವರನ್ನು ಒತ್ತುತ್ತಿದ್ದರು, ಪ್ರತಿಯೊಬ್ಬರ ಎಡಗೈಯೂ ಗೋಡೆಯ ಮೇಲಿತ್ತು. ಅವಳು ಮಗುವಿನ ಎರಡು ಭುಜಗಳನ್ನೂ ಹಿಡಿದು ತಿರುಗಿಸಿದಳು.

"ಈ ಕಡೆ ಅಲ್ಲ. ಆ ಕಡೆ, ಬಲಗಡೆ. ಓಡು."

"ಇಲ್ಲ, ಎಡಗಡೆ." ರೇಡಿಯೋ ಕಾಲೂರಿ ನಿಂತಳು. "ನೀವೇ ಹೇಳಿದ್ರಿ. ನಂಗೆ ಸರಿಯಾಗಿ ನೆನಪಿದೆ."

"ನಾನು ಹೇಳಿದ್ದು ಸುಳ್ಳು. ನಾನು ಈ ಕಟ್ಟಡ ಅಳೆದೇ ಇಲ್ಲ. ಬೇರೆಯವರ ನಕ್ಷೆಗೆ ನನ್ನ ಹೆಸರು ಹಾಕಿದ್ದೆ. ಈಗ ಹೇಳ್ತಿರೋದು ನಿಜ. ನನ್ನ ನಂಬು."

ನಂಬು ಎಂದು ಕೇಳುವ ಹಕ್ಕು ತನಗಿಲ್ಲವೆಂಬುದು ಆ ಮಾತು ಬಾಯಿಂದ ಹೊರಬಿದ್ದಾಗಲೇ ಅವಳಿಗೆ ಅರಿವಾಯಿತು. ರೇಡಿಯೋ ಗೋಡೆಯಿಂದ ಕೈ ತೆಗೆಯಲಿಲ್ಲ. ಅವಳು ಮಗುವನ್ನು ಸೊಂಟಕ್ಕೆ ಎತ್ತಿಕೊಂಡು, ಮುಖವನ್ನು ತನ್ನ ಕೊರಳಿಗೆ ಒತ್ತಿಕೊಂಡು, ಹೊಗೆಯ ನಡುವೆ ನುಗ್ಗಿ, ಪಡಸಾಲೆಯ ಇನ್ನೊಂದು ತುದಿಯವರೆಗೆ ಓಡಿದಳು. ಅಗುಳಿ ಸರಿಯಿತು. ಬಾಗಿಲು ತೆರೆಯಿತು. ಗಾಳಿ ಬಂದು ಮುಖಕ್ಕೆ ಬಡಿಯಿತು. ಕಬ್ಬಿಣದ ಮೆಟ್ಟಿಲು ಅವಳ ಕಾಲಡಿಯಲ್ಲಿ ಗಡಗಡ ಅದುರಿತು.

*

ಒಲೆಯ ಮೇಲೆ ಮರೆತ ಎಣ್ಣೆ ಹೊತ್ತಿಕೊಂಡಿತ್ತು, ಅಷ್ಟೆ. ಅಡುಗೆಯವಳು ಒದ್ದೆ ಗೋಣಿ ಹೊದಿಸಿ ಆಗಲೇ ಆರಿಸಿದ್ದಳು. ಅವಳ ಒಂದು ಹುಬ್ಬು ಸುಟ್ಟದ್ದನ್ನು ಬಿಟ್ಟರೆ ಯಾರಿಗೂ ಏನೂ ಆಗಿರಲಿಲ್ಲ. ಪಾಠ ಬಿಟ್ಟು ಬಂದ ಮಕ್ಕಳು ಅಂಗಳದಲ್ಲಿ ಗಲಗಲ ಮಾತನಾಡುತ್ತಿದ್ದರು. ರೇಡಿಯೋ ಒಬ್ಬಳೇ ಸುಮ್ಮನಿದ್ದಳು. ಆ ಮೌನ ಸ್ಕೇಲಿಗೆ ಬೆಂಕಿಗಿಂತ ಹೆಚ್ಚಿನ ಭಯ ಹುಟ್ಟಿಸಿತು.

ಇನ್ನೂ ದಾರಿಯಿತ್ತು. ಮೇಲೆ ಹೋಗಿ, ಉಳಿದ ತಿರುಪುಗಳನ್ನು ಬಿಚ್ಚಿ, ಕಾಗದ ಬದಲಾಯಿಸಿ ಬಂದರೆ ಯಾರೂ ಕೇಳುತ್ತಿರಲಿಲ್ಲ. ಮಗುವಿನ ಮಾತಿಗೆ ಜ್ವರದ ಕನವರಿಕೆ ಎನ್ನಬಹುದಿತ್ತು. ಆದರೆ ತಪ್ಪು ಈಗ ಕಾಗದದ ಮೇಲೆ ಉಳಿದಿರಲಿಲ್ಲ. ಅದು ಅಷ್ಟು ಮಕ್ಕಳ ಎಡಗೈಗಳಿಗೆ ಇಳಿದುಹೋಗಿತ್ತು. ಯಾವ ಸ್ಕ್ರೂಡ್ರೈವರೂ ಅದನ್ನು ಅಲ್ಲಿಂದ ಬಿಚ್ಚಲಾರದು.

ಅವಳು ವಾರ್ಡನ್ನಮ್ಮನ ಮುಂದೆ ಹೋಗಿ ನಿಂತಳು. "ಅಮ್ಮ, ನಕ್ಷೆ ತಪ್ಪಿದೆ. ನಾನು ಅಳೆದಿಲ್ಲ, ನಕಲು ಮಾಡಿದೀನಿ. ಎಡಗಡೆ ಬಾಗಿಲ ಆಚೆ ಮೆಟ್ಟಿಲಿಲ್ಲ."

ವಾರ್ಡನ್ನಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಕೈ ಎತ್ತುತ್ತಾಳೆಂದೇ ಅವಳು ಭಾವಿಸಿದಳು. ಎತ್ತಲಿಲ್ಲ. ಪಕ್ಕದ ಕಲ್ಲುಬೆಂಚಿನ ಮೇಲೆ ಕುಸಿದು, "ಒಂದು ಸಲ ನಾನೂ ತೆಗೆದು ನೋಡಬೇಕಿತ್ತು," ಎಂದಳು. "ಅಚ್ಚಾಗಿತ್ತು, ಗಾಜು ಹಾಕಿತ್ತು, ಕೆಳಗೆ ಹೆಸರಿತ್ತು. ನಂಬಿಬಿಟ್ಟೆ." ಆಮೇಲೆ, ತುಂಬ ಮೆಲ್ಲಗೆ: "ನಿನ್ನ ಅಪ್ಪ ಅವತ್ತು ಚಪ್ಪಾಳೆ ಹೊಡೆದ್ರಲ್ಲಮ್ಮ."

ಮೇಷ್ಟ್ರು ಕೂಗಾಡಲಿಲ್ಲ. ಅವಳ ಹಳೆಯ ನಕ್ಷೆಯನ್ನೂ ಹೊಸದನ್ನೂ ಅಕ್ಕಪಕ್ಕದಲ್ಲಿಟ್ಟು, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೋದ ವರ್ಷದ ನಕ್ಷೇನೂ ನಾನೇ ನೋಡಿದ್ದೆ. ಎಲ್ಲೋ ನೋಡಿದ ಹಾಗಿದೆ ಅನ್ನಿಸಿತ್ತು. ಗೆರೆ ಚೆನ್ನಾಗಿತ್ತು, ಬಿಟ್ಟುಬಿಟ್ಟೆ." ತರಬೇತಿಗೆ ಬೇರೆಯವರ ಹೆಸರು ಹೋಯಿತು. ಅವಳು ವರ್ಷವನ್ನು ಮತ್ತೆ ಓದಬೇಕೆಂದು ತೀರ್ಮಾನವಾಯಿತು. ಹೆಸರು ಹೊಡೆದುಹಾಕಲಿಲ್ಲ, ತಾನಾಗಿ ಬಂದು ಹೇಳಿದಳೆಂಬ ಒಂದೇ ಕಾರಣಕ್ಕೆ. ಫೈಲು ಕೊಟ್ಟವರಾರೆಂದು ಕೇಳಿದಾಗ, "ಹೆಸರು ಹಾಕಿದ್ದು ನಾನು ಸರ್," ಎಂದಷ್ಟೇ ಹೇಳಿದಳು.

ಅಪ್ಪನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟವಾಗಿತ್ತು. ಅವರು ಗಾಜು ಕೊಯ್ಯುತ್ತಿದ್ದರು. ಅವಳು ಪಡಸಾಲೆಯಲ್ಲಿ ಬಿದ್ದಿದ್ದ ಸ್ಕ್ರೂಡ್ರೈವರನ್ನು ಹೆಕ್ಕಿ ತಂದಿದ್ದಳು. ಅದನ್ನು ಮೇಜಿನ ಮೇಲಿಟ್ಟು, ನಿಂತಲ್ಲೇ ನಿಂತು, ಎಲ್ಲವನ್ನೂ ಹೇಳಿದಳು. ಮೊನೆ ನಡುದಾರಿಯಲ್ಲಿ ನಿಂತಿತು. ನಿಂತ ಮೊನೆಯಿಂದ ಗಾಜು ಅಡ್ಡಾದಿಡ್ಡಿ ಬಿರಿಯಿತು. ಅವರು ಚೂರುಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿದರು. ಏನೂ ಮಾತನಾಡಲಿಲ್ಲ. ಆಮೇಲಿನ ದಿನಗಳಲ್ಲಿಯೂ ಆಡಲಿಲ್ಲ. ವಸತಿಶಾಲೆಗೆ ಒಬ್ಬರೇ ಹೋಗಿ, ಚೌಕಟ್ಟುಗಳನ್ನೆಲ್ಲ ಬಿಚ್ಚಿ ತಂದು, ಅಂಗಡಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

ಅವಳು ಟೇಪು ಹಿಡಿದು ಕಟ್ಟಡಕ್ಕೆ ಹೋದಳು. ಟೇಪಿನ ಇನ್ನೊಂದು ತುದಿಯನ್ನು ಹಿಡಿಯಲು ಯಾರಾದರೂ ಬೇಕಾಗಿತ್ತು. ರೇಡಿಯೋ ತಾನಾಗಿ ಬಂದು ಕೈ ಚಾಚಿದಳು, ಆದರೆ ಮಾತನಾಡಲಿಲ್ಲ. ಸಂಜೆಗಳಲ್ಲಿ ಮಕ್ಕಳಿಗೆ ಹೊಸ ದಾರಿಯ ಅಭ್ಯಾಸ. ಕಲಿಸುವುದಕ್ಕಿಂತ ಮರೆಸುವುದು ಎಷ್ಟು ದುಸ್ತರವೆಂಬುದು ಅವಳಿಗೆ ಅಲ್ಲಿ ತಿಳಿಯಿತು. ಗಂಟೆ ಬಾರಿಸಿದ ಕೂಡಲೇ ಎಲ್ಲರ ಎಡಗೈಗಳೂ ತಾವಾಗಿಯೇ ಗೋಡೆಯನ್ನು ಹುಡುಕುತ್ತಿದ್ದವು. ಪ್ರತಿ ಸಲವೂ ಅವಳು ಮೊದಲಿನಿಂದ ಶುರು ಮಾಡಿಸುತ್ತಿದ್ದಳು.

ಒಂದು ಸಂಜೆ ಉಗ್ರಾಣಿ ಗೇಟಿನ ಬಳಿ ನಿಂತಿದ್ದ.

"ಬೈಯೋಕೆ ಬಂದ್ಯಾ?" ಎಂದಳು ಅವಳು.

"ಇಲ್ಲ. ಒಂದು ವಿಷಯ ತಲೆ ಕೊರೀತಿದೆ. ಬಾಲಕರ ಬ್ಲಾಕಿನ ನಕ್ಷೆ ಹೋದ ವರ್ಷದ್ದು ಅಲ್ವಾ? ಅದನ್ನ ಬರೆದವನು ಅಳೆದಿದ್ನಾ?"

ಇಬ್ಬರೂ ಮುಂದಿನ ಮಾತಿಗೆ ಕಾಯದೆ ಅಂಗಳ ದಾಟಿ, ಬಾಲಕರ ಕಟ್ಟಡದ ಮೆಟ್ಟಿಲೇರಿ, ಎಡಗಡೆಯ ಬಾಗಿಲವರೆಗೆ ಓಡಿದರು. ಉಗ್ರಾಣಿ ಅಗುಳಿ ಸರಿಸಿದ. ಬಾಗಿಲು ತೆರೆಯಿತು. ಆಚೆ ಮೆಟ್ಟಿಲಿತ್ತು.

ಅವನು ಆ ಮೆಟ್ಟಿಲ ಮೇಲೇ ಕುಳಿತುಬಿಟ್ಟ. "ನನ್ನ ಡಿಸ್ಕಲ್ಲಿ ಆಸ್ಪತ್ರೆ ನಕ್ಷೆ ಇದೆ, ಸ್ಕೇಲು. ಶಾಲೆದು ಇದೆ, ಸೇತುವೆ ಲೆಕ್ಕ ಇದೆ. ಯಾರ್‍ಯಾರು ತಗೊಂಡು ಹೋಗಿದಾರೋ. ಯಾರೂ ತೆಗೆದು ನೋಡದೆ ಇರೋ ಬಾಗಿಲು ಅದರಲ್ಲಿ ಇನ್ನೆಷ್ಟಿದೆಯೋ." ಎದ್ದು, "ನಾಳೆ ಮೇಷ್ಟ್ರ ಹತ್ರ ಹೋಗ್ತೀನಿ. ಜೊತೆಗೆ ಬರ್ತೀಯಾ? ಒಬ್ಬನಿಗೇ ಹೆದರಿಕೆ," ಎಂದ.

"ನಂಗೂ ಹೆದರಿಕೆಯೇ. ಬರ್ತೀನಿ."

*

ಹೊಸ ನಕ್ಷೆಗಳಿಗೆ ಅಪ್ಪ ಗಾಜು ಕೊಯ್ದರು. ಕೇಳದೆಯೇ ಕೊಯ್ದರು. ಗೋಡೆಗೆ ಬಿಗಿಯುವ ದಿನ ಮುಂದೆ ನಡೆದು ಹೊರಟರು. ಮಗಳು ಹಿಂದೆ ಹೋದಳು. ಮೇಲಿನ ಅಂತಸ್ತಿನಲ್ಲಿ ಚೌಕಟ್ಟನ್ನು ಅದರ ಜಾಗದಲ್ಲಿ ಎತ್ತಿಹಿಡಿದು, ಮೂರು ತಿರುಪುಗಳನ್ನು ಹಾಕಿದರು. ನಾಲ್ಕನೆಯದನ್ನು ಹಾಕುವ ಮುನ್ನ ಸ್ಕ್ರೂಡ್ರೈವರಿನ ಹಿಡಿಯನ್ನು ಅವಳ ಕಡೆಗೆ ಚಾಚಿದರು.

"ನೀನೇ ಬಿಗಿ."

ಎಷ್ಟೋ ದಿನಗಳ ಮೇಲೆ ಅಪ್ಪ ಆಡಿದ ಮೊದಲ ಮಾತು ಅದು. ಅವಳು ಕೈ ಚಾಚಿದಳು, ಆದರೆ ತಿರುಪನ್ನು ಮುಟ್ಟಲಿಲ್ಲ. ತಿರುಗಿ ಪಡಸಾಲೆಯ ಬಲಗಡೆಯ ತುದಿಗೆ ನಡೆದಳು. ಈ ಬಾಗಿಲನ್ನು ಅವಳು ಇಷ್ಟು ದಿನಗಳಲ್ಲಿ ಎಷ್ಟು ಸಲ ತೆರೆದಿದ್ದಳೋ. ಆದರೂ ಇಂದು ಮತ್ತೊಮ್ಮೆ ಅಗುಳಿ ಸರಿಸಿದಳು. ಹೆದರಿಕೆ ಇನ್ನೂ ಇತ್ತು. ಅದು ಪೂರ್ತಿ ಹೋಗುವುದು ಬೇಡವೆಂದೂ ಅವಳಿಗೆ ಅನ್ನಿಸತೊಡಗಿತ್ತು.

ಹಿಂದೆ ಹೆಜ್ಜೆಯ ಸದ್ದಾಯಿತು. ರೇಡಿಯೋ ಬಲಗೈಯನ್ನು ಗೋಡೆಗೆ ಹಚ್ಚಿಕೊಂಡು ಬಂದು ಪಕ್ಕದಲ್ಲಿ ನಿಂತಳು.

"ಅಕ್ಕ, ಈ ಸಲ ನಿಜಾನಾ?"

"ನನ್ನ ಮಾತು ಬೇಡ. ಬಾ, ನೀನೇ ಮುಟ್ಟಿ ನೋಡು."

ಹುಡುಗಿ ಹೊಸ್ತಿಲಾಚೆಗೆ ಒಂದು ಕಾಲು ಚಾಚಿ ಮೆಟ್ಟಿಲನ್ನು ತಟ್ಟಿದಳು. ಕಬ್ಬಿಣ ಠಣ್ಣೆಂದಿತು. ಇನ್ನೊಮ್ಮೆ ತಟ್ಟಿದಳು. ಕಂಬಿಯನ್ನು ಹಿಡಿದು ಅಲುಗಿಸಿ ನೋಡಿದಳು.

"ಇದೆ," ಎಂದಳು. ಬಳಿಕ, ಬಹಳ ದಿನಗಳಿಂದ ಕೆಟ್ಟು ಕುಳಿತಿದ್ದದ್ದು ಒಮ್ಮೆಲೇ ಸರಿಹೋದಂತೆ: "ಆದ್ರೆ ಅಕ್ಕ, ಕಂಬಿ ತುಂಬ ಎತ್ತರ ಆಯ್ತು, ಚಿಕ್ಕ ಮಕ್ಕಳಿಗೆ ಎಟಕಲ್ಲ, ಇದನ್ನೂ ನಕ್ಷೇಲಿ ಬರೀಬೇಕಿತ್ತು, ಮತ್ತೆ ಆ ಮೂರನೇ ಮೆಟ್ಟಿಲು ಅಲುಗುತ್ತೆ, ಅವತ್ತು ನೀವು ನನ್ನ ಎತ್ಕೊಂಡು ಇಳಿದಾಗಲೇ ಗೊತ್ತಾಯ್ತು, ಯಾರಿಗಾದ್ರೂ ಹೇಳಿದ್ರಾ?"

"ಇಲ್ಲ. ಬಾ, ನೋಡೋಣ."

ಅವಳು ಮಂಡಿಯೂರಿ ಮೂರನೆಯ ಮೆಟ್ಟಿಲನ್ನು ಕೈಯಿಂದ ಅಲುಗಿಸಿದಳು. ಅಲುಗುತ್ತಿತ್ತು. ಪಡಸಾಲೆಯ ಆಚೆಯಿಂದ ಅಪ್ಪ ಸ್ಕ್ರೂಡ್ರೈವರ್ ಹಿಡಿದುಕೊಂಡೇ ಬಂದು, ಅವಳ ಪಕ್ಕದಲ್ಲಿ ಕೂತು, ತಾವೂ ಅಲುಗಿಸಿ ನೋಡಿದರು. ನಾಲ್ಕನೆಯ ತಿರುಪು ಅವರ ಅಂಗೈಯಲ್ಲೇ ಉಳಿದಿತ್ತು.

"ಇದು ಮೊದಲು ಸರಿಯಾಗಲಿ ಪುಟ್ಟಿ," ಎಂದರು. "ಅದನ್ನ ಆಮೇಲೆ ಬಿಗಿಯೋಣ."